ತಮ್ಮನಿಗೆ ಬೆನ್ನುಹುರಿ ಪೆಟ್ಟಾಗಿದೆ, ಬೆಂಗಳೂರಿನಲ್ಲಿ ಎಂಥ ರಿಹ್ಯಾಬ್‌ಗೆ ಸೇರಿಸಬೇಕು?

ನಿಮ್ಮ ತಮ್ಮ ಸಾರುವೆಯಿಂದ ಬಿದ್ದು ಟಿ10 ಮಟ್ಟದಲ್ಲಿ, ಅಂದರೆ ಎದೆಭಾಗದ ಹತ್ತನೇ ಬೆನ್ನುಮೂಳೆಯ ಹತ್ತಿರ, ಪೆಟ್ಟಾಗಿದೆ, ಆಪರೇಷನ್ ಮುಗಿದು ಮುಂದಿನ ವಾರ ಡಿಸ್ಚಾರ್ಜ್, ನೋಡಿ ಬಂದ ಮೂರು ರಿಹ್ಯಾಬ್‌ಗಳೂ ಮೂರು ಥರ ಇವೆ ಅಂತ ಬರೆದಿದ್ದೀರಿ. ನನಗೂ ಟಿ10. ವೀಲ್‌ಚೇರ್ ಹಿಡಿದು 11 ವರ್ಷ ಆಯಿತು.

ಮೂರು ಥರ ಕಂಡಿದ್ದು ಸರಿಯೇ. ಒಂದೇ ಬೋರ್ಡಿನ ಕೆಳಗೆ ಬೇರೆ ಬೇರೆ ಕೆಲಸ ನಡೆಯುತ್ತವೆ. ಮೊದಲನೆಯದು ಆಪರೇಷನ್ ಆದ ಆಸ್ಪತ್ರೆಯಲ್ಲೇ ಶುರುವಾಗುತ್ತದೆ: ಮಗ್ಗುಲು ಬದಲಿಸುವುದು, ಕೀಲು ಬಿಗಿಯದಂತೆ ಆಡಿಸುವುದು. ಎರಡನೆಯದು ಅಡ್ಮಿಟ್ ಆಗಿ ಬದುಕುವುದನ್ನು ಮತ್ತೆ ಕಲಿಯುವುದು. ಇಲ್ಲಿ ಪಿಎಂಆರ್ (ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್) ಡಾಕ್ಟರ್, ನರ್ಸ್, ಫಿಸಿಯೋ, ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್, ಕೌನ್ಸೆಲರ್ ಎಲ್ಲರೂ ಸೇರಿ ಒಬ್ಬನನ್ನು ನೋಡಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನ್ಯೂರೋ ರಿಹ್ಯಾಬ್ ವಿಭಾಗ ಇದೆ, ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಪಿಎಂಆರ್ ವಿಭಾಗ ಇದೆ. ಮೂರನೆಯದು ಮನೆ, ಕೆಲಸ, ಓಡಾಟದ್ದು. 1959ರಲ್ಲಿ ಶುರುವಾದ ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ, ಇಂಥ ಸಂಸ್ಥೆಗಳಲ್ಲಿ ವಿಚಾರಿಸಿ.

ನಿಮ್ಮ ತಮ್ಮನಿಗೆ ಈಗ ಬೇಕಿರುವುದು ಎರಡನೆಯದು. ಜನ ಮೋಸಹೋಗುವುದೂ ಇಲ್ಲೇ.

ನಾನು ಮೊದಲು ಸೇರಿದ್ದು ಮನೆಗೆ ಹತ್ತಿರ ಅಂತ ಒಂದು ಸೆಂಟರ್‌ಗೆ. ದಿನಕ್ಕೆ ಒಂದು ಗಂಟೆ ಫಿಸಿಯೋ, ಉಳಿದ ಹೊತ್ತು ಸುಮ್ನೆ ಮಲಗಿರುವುದು. ಕಾಲಿನ ವ್ಯಾಯಾಮ ಚೆನ್ನಾಗೇ ಮಾಡಿಸಿದರು. ಸೊಂಟದ ಕೆಳಗಿನ ಚರ್ಮವನ್ನು ಮಾತ್ರ ಯಾರೂ ನೋಡಲಿಲ್ಲ. ಮೂರನೇ ವಾರ ಬೆಡ್‌ಶೀಟ್ ಬದಲಿಸುವಾಗ ನಾಣ್ಯದಷ್ಟು ಒದ್ದೆ ಕಲೆ ಅಮ್ಮನ ಕಣ್ಣಿಗೆ ಬಿತ್ತು. ನನಗೆ ನೋವೇ ಗೊತ್ತಾಗಿರಲಿಲ್ಲ, ಸ್ಪರ್ಶವೇ ಇಲ್ಲವಲ್ಲ. ಮಲಗಿದಲ್ಲೇ ಒತ್ತಿ ಆದ ಆ ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು.

ಆಮೇಲೆ ಸೇರಿದ ವಾರ್ಡಿನಲ್ಲಿ ಪಕ್ಕದ ಬೆಡ್ಡಿನ ಅಣ್ಣ, ಕೋಲಾರದ ಕಡೆಯವರು, ಶೇವಿಂಗ್ ಕನ್ನಡಿಗೆ ಉದ್ದನೆಯ ಕಡ್ಡಿ ಕಟ್ಟಿ ಕೊಟ್ಟರು. 'ಬೆಳಗ್ಗೆ, ರಾತ್ರಿ ಕೂರೋ ಜಾಗ ನೋಡ್ಕೋ. ಕೆಂಪಗಿದ್ರೆ ಅವತ್ತು ಅದರ ಮೇಲೆ ಭಾರ ಹಾಕ್ಬೇಡ' ಅಂದರು. ಇವತ್ತಿಗೂ ಆ ಕನ್ನಡಿ ನನ್ನ ದಿಂಬಿನ ಪಕ್ಕ ಇದೆ.

ಹಾಗಾಗಿ ಮಷೀನ್ ಎಷ್ಟಿವೆ ಅಂತ ಎಣಿಸಬೇಡಿ. ಮೂತ್ರದ ಟ್ಯೂಬ್ ತೆಗೆದ ಮೇಲೆ 4ರಿಂದ 6 ಗಂಟೆಗೊಮ್ಮೆ ತಾನೇ ಕ್ಯಾತಿಟರ್ (ತೆಳು ನಳಿಕೆ) ಹಾಕಿ ಖಾಲಿ ಮಾಡಿಕೊಳ್ಳುವುದನ್ನು ಅವನಿಗೇ ಕಲಿಸುತ್ತೀರಾ ಅಂತ ಕೇಳಿ. ಮಲವಿಸರ್ಜನೆಗೆ ದಿನಾ ಒಂದೇ ಹೊತ್ತಿನ ಅಭ್ಯಾಸ ಮಾಡಿಸುತ್ತೀರಾ ಕೇಳಿ. ರಾತ್ರಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವವರು ಯಾರು, ಅದನ್ನೂ ಕೇಳಿ. ತಡವರಿಸಿದರೆ ಎದ್ದು ಬನ್ನಿ. ಇದನ್ನೆಲ್ಲ ಕೇಳಲು ನಮ್ಮವರಿಗೆ ನಾಚಿಕೆ ಜಾಸ್ತಿ. ದಯವಿಟ್ಟು ನಾಚಬೇಡಿ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಏಷ್ಯಾ (ASIA) ಗ್ರೇಡ್ ಇದೆಯಾ ನೋಡಿ. ಬೆನ್ನುಹುರಿ ಪೆಟ್ಟು ಎಷ್ಟು ತೀವ್ರ ಅಂತ ಹೇಳುವುದು ಅದು, ಅತಿ ತೀವ್ರವಾದ ಎ ಇಂದ ಇ ವರೆಗೆ ಇರುತ್ತದೆ. ಇಲ್ಲದಿದ್ದರೆ ಬರೆಸಿಕೊಳ್ಳಿ. ಎ ಅಂದರೂ ಕೈಬಿಡಬೇಡಿ. ಟಿ10ರಲ್ಲಿ ಎರಡೂ ಕೈ ಪೂರ್ತಿ ಕೆಲಸ ಮಾಡುತ್ತವೆ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ಅವನೇ ಹೋಗುವುದನ್ನು ಕಲಿಯಬಹುದು. ಯುಡಿಐಡಿ ಕಾರ್ಡ್ (ಸರ್ಕಾರದ ಅಂಗವಿಕಲರ ಗುರುತಿನ ಚೀಟಿ) ಅರ್ಜಿಯನ್ನೂ ತಡಮಾಡದೆ ಹಾಕಿ.

ಇನ್ನೊಂದು, ಇವತ್ತೇ ಬಚ್ಚಲಮನೆ ಬಾಗಿಲು ಅಳೆದು ನೋಡಿ. ನಮ್ಮ ಮನೆಯದು 24 ಇಂಚು, ನನ್ನ ವೀಲ್‌ಚೇರ್ 25. ಗೊತ್ತಾಗಿದ್ದು ಮನೆಗೆ ಬಂದ ದಿನ, ಬಾಗಿಲ ಮುಂದೆ ನಿಂತಾಗ.