ಪಕ್ಕದ 30×40 ಸೈಟು ಮಾರಾಟಕ್ಕಿದೆ. ಹೆಂಡತಿ ಹೆಸರಿಗೆ ಕೊಂಡು, ನಮ್ಮ ಸೈಟಿಗೆ ಸೇರಿಸಿ ಒಂದೇ ದೊಡ್ಡ ಮನೆ ಕಟ್ಟಬಹುದೇ?

ಕಟ್ಟಬಹುದು. ಮೈಸೂರಿನಲ್ಲಿ ನಾನೂ ಕಟ್ಟಿದೆ. ನನ್ನದು ಪೂರ್ವಕ್ಕೆ ಬಾಗಿಲಿನ 30×40, ಉತ್ತರಕ್ಕೆ ಅಷ್ಟೇ ಅಳತೆಯ ಖಾಲಿ ಸೈಟು. ಅದರ ಯಜಮಾನರು ನಿವೃತ್ತ ಮೇಷ್ಟ್ರು. "ನಿಮಗೇ ಕೊಡ್ತೀನಿ ಸ್ವಾಮಿ, ಬೇರೆಯವರು ಬಂದ್ರೆ ನಿಮಗೇ ಕಿರಿಕಿರಿ" ಅಂದರು. ಒಟ್ಟು 2400 ಚದರಡಿ, ನಡುವೆ ಸೆಟ್‌ಬ್ಯಾಕ್ ಅಂತ ಜಾಗ ಖಾಲಿ ಬಿಡುವ ತಾಪತ್ರಯವಿಲ್ಲ, ತೊಟ್ಟಿ ಮನೆಯನ್ನೇ ಕಟ್ಟೋಣ ಅಂತ ಇಂಜಿನಿಯರ್ ಆಸೆ ಹುಟ್ಟಿಸಿದರು.

ಋಣಭಾರ ಪತ್ರ ತೆಗೆಸಿದೆ, ಖಾತೆ ನೋಡಿದೆ, ಕಂದಾಯದ ರಸೀದಿ ನೋಡಿದೆ. ಚಕ್ಕುಬಂದಿ, ಅಂದರೆ ಸೈಟಿನ ನಾಲ್ಕೂ ದಿಕ್ಕಿಗೆ ಏನಿದೆ ಅಂತ ಪತ್ರದಲ್ಲಿ ಬರೆದಿರುವುದನ್ನು ಮಾತ್ರ ಓದಲಿಲ್ಲ. ಕಣ್ಣೆದುರಿಗೇ ಇರುವ ಸೈಟಿಗೆ ಎಂಥ ಚಕ್ಕುಬಂದಿ ಅನ್ನಿಸಿತ್ತು. ಮೇಷ್ಟ್ರ ಹಳೇ ಕ್ರಯಪತ್ರದಲ್ಲಿ ಉತ್ತರ, ದಕ್ಷಿಣ ಅದಲುಬದಲಾಗಿದ್ದವು. ಅದನ್ನೇ ನೋಡಿಕೊಂಡು ಪತ್ರ ಬರಹಗಾರರು ನನ್ನ ಹೊಸ ಕ್ರಯಪತ್ರವನ್ನೂ ಬರೆದರು. ಅವರ ಸೈಟಿನ ದಕ್ಷಿಣಕ್ಕೆ ನನ್ನ ಸೈಟಿನ ನಂಬರ್ ಇರಬೇಕಿತ್ತು, ಅದು ಉತ್ತರಕ್ಕೆ ಹೋಗಿ ಕೂತಿತ್ತು. ನನ್ನ ಮೊದಲಿನ ಸೈಟಿನ ಪತ್ರ ಹೇಳುವುದೊಂದು, ಅವರ ಸೈಟಿನದು ಹೇಳುವುದು ಇನ್ನೊಂದು. ನೆಲದ ಮೇಲೆ ಒಂದೇ ಕಾಂಪೌಂಡ್ ಗೋಡೆ ಹಂಚಿಕೊಂಡಿದ್ದ ಸೈಟುಗಳು ಕಾಗದದಲ್ಲಿ ಅಕ್ಕಪಕ್ಕ ಇರಲೇ ಇಲ್ಲ. ಎರಡನ್ನೂ ಒಂದು ಮಾಡಲು ಹಾಕಿದ ಅರ್ಜಿ ಅಲ್ಲೇ ನಿಂತಿತು.

ತಿದ್ದುಪಡಿ ಪತ್ರ ಮಾಡಿಸಿದರೆ ಮುಗಿಯಿತು ಅಂದರು. ಆದರೆ ಅದಕ್ಕೆ ಮಾರಿದವರ ಸಹಿ ಬೇಕು. ಅಷ್ಟರಲ್ಲಿ ಮೇಷ್ಟ್ರು ತೀರಿಕೊಂಡಿದ್ದರು. ವಂಶವೃಕ್ಷ ತೆಗೆಸಿ, ಮಕ್ಕಳೆಲ್ಲರ ಸಹಿ ಹಾಕಿಸಬೇಕಾಯಿತು. ಒಬ್ಬ ಮಗ ಕೆನಡಾದಲ್ಲಿ. ಅವನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರ ಕಳಿಸಿದ, ಅದಕ್ಕೆ ಇಲ್ಲಿ ಮತ್ತೆ ಮುದ್ರಾಂಕ ಶುಲ್ಕ ಕಟ್ಟಬೇಕು. ಮಗಳು, "ಅಪ್ಪ ತುಂಬಾ ಕಮ್ಮಿಗೆ ಕೊಟ್ರು" ಅಂತ ನೆನೆಸಿಕೊಂಡರು. ಸಹಿಗೆ ಏನು ಕೊಟ್ಟೆ ಅಂತ ಬರೆಯುವುದಿಲ್ಲ. ಇತ್ತ ಬ್ಯಾಂಕಿನ ಕಂತು, ಅತ್ತ ಬಾಡಿಗೆ. ನನ್ನ ಸೈಟಿನಲ್ಲಿ ಇಳಿಸಿದ್ದ ಕಂಬಿ ತುಕ್ಕು ಹಿಡಿದು ಕೆಂಪು ನೀರು ಚರಂಡಿಗೆ ಹರಿಯುತ್ತಿತ್ತು.

ಹೆಂಡತಿ ಹೆಸರಿಗೆ ಕೊಳ್ಳುತ್ತೀರಾ? ಕೊಳ್ಳಿ, ಆದರೆ ಎರಡೂ ಸೈಟು ಒಂದೇ ಹೆಸರಲ್ಲಿರದೆ ಒಂದು ಖಾತೆ ಆಗುವುದು ಕಷ್ಟ. ಆಮೇಲೆ ದಾನಪತ್ರ ಮಾಡಿಸುತ್ತಾ ಕೂರಬೇಕು. ನಿಮ್ಮ ಸೈಟಿನ ಮೇಲೆ ಸಾಲವಿದ್ದರೆ ಬ್ಯಾಂಕೂ ಒಪ್ಪಬೇಕು.

ನನ್ನನ್ನು ಕೇಳಿದರೆ, ಸೈಟು ಕೊಳ್ಳಿ, ಸೇರಿಸಬೇಡಿ. ದೊಡ್ಡ ಮನೆ ಯಾಕೆ ಬೇಕು ಅಂತ ನೀವು ಬರೆದಿಲ್ಲ. ಮಕ್ಕಳಿಗೆ ಅಂತಿದ್ದರೆ, ನನ್ನ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡಿದ್ದಾರೆ. ಮೇಲಿನ ಮಹಡಿ ಗುಡಿಸಲು ಕೆಲಸದಾಕೆ ಬೇರೆ ಸಂಬಳ ಕೇಳುತ್ತಾಳೆ. 30×40ಕ್ಕೆ ಗಿರಾಕಿ ಸಿಗುವಷ್ಟು ಸುಲಭವಾಗಿ ಇಂಥ ಮನೆಗೆ ಸಿಗುವುದಿಲ್ಲ, ಅರ್ಧ ಮಾರೋಣವೆಂದರೆ ಗೋಡೆ ಒಡೆಯಬೇಕು. ನಿಮ್ಮ ಸೈಟಿನಲ್ಲೇ ಅಚ್ಚುಕಟ್ಟಾಗಿ ಕಟ್ಟಿ, ಪಕ್ಕದ್ದರಲ್ಲಿ ನುಗ್ಗೆ, ಕರಿಬೇವು ಹಾಕಿ. ಪತ್ರ ಬೇರೆಯೇ ಇದ್ದರೆ ಕಷ್ಟಕಾಲಕ್ಕೆ ಅದೊಂದನ್ನೇ ಮಾರಬಹುದು.

ಸೇರಿಸಿಯೇ ತೀರುತ್ತೀರಿ ಎಂದಾದರೆ, ಅಡ್ವಾನ್ಸ್ ಕೊಡುವ ಮೊದಲು ಎರಡೂ ಕ್ರಯಪತ್ರ ಎದುರಿಗಿಟ್ಟುಕೊಂಡು ನಾಲ್ಕೂ ದಿಕ್ಕನ್ನು ಬೆರಳಿಟ್ಟು ಓದಿ. ತಪ್ಪಿದ್ದರೆ ಮಾರುವವರಿಂದ ಈಗಲೇ ಸರಿಮಾಡಿಸಿಕೊಳ್ಳಿ, ಅವರಿಗೆ ನಿಮ್ಮ ದುಡ್ಡು ಬೇಕಿರುವಾಗಲೇ.