ಚೀನೀ ವಿದ್ಯಾರ್ಥಿಗಳಿಗೆ ನಗೆಯ ಇಂಗ್ಲಿಷ್ ಪದಗಳು: ಪ್ರತಿಕ್ರಿಯೆ

ನಮಸ್ಕಾರ. ಚೀನಾದ ವಿದ್ಯಾರ್ಥಿಗಳಿಗೆ ಆನ್‌ಲೈನಿನಲ್ಲಿ ಇಂಗ್ಲಿಷ್ ಕಲಿಸುತ್ತಿರುವ ತಾವು, ಅವರು ‘ಸ್ಮೈಲ್’ ಎನ್ನಬೇಕಾದಲ್ಲಿ ‘ಲಾಫ್’ ಎನ್ನುವುದೇಕೆ, ಮುಖಭಾವದ ಪದಗಳನ್ನು ಹೇಗೆ ಹೇಳಿಕೊಡಬೇಕು ಎಂದು ಕೇಳಿದ್ದೀರಿ.

ಚೀನಾದ ಪ್ರಮುಖ ಭಾಷೆಯಾದ ಮ್ಯಾಂಡರಿನ್‌ನಲ್ಲಿ ಬಗೆಬಗೆಯ ನಗೆಗೆಲ್ಲ ‘ಶಿಯಾವ್’ ಎಂಬುದೇ ಮೂಲ. ಅದಕ್ಕೆ ವಿಶೇಷಣವೊಂದನ್ನು ಜೋಡಿಸಿ ಮುಗುಳ್ನಗೆಗೆ ‘ವೇಯ್‌ಶಿಯಾವ್’, ಗಟ್ಟಿ ನಗೆಗೆ ‘ದಾಶಿಯಾವ್’, ಕುಹಕದ ನಗೆಗೆ ‘ಲಂಗ್‌ಶಿಯಾವ್’ (ತಣ್ಣನೆಯ ನಗೆ) ಎನ್ನುತ್ತಾರೆ. ಇಂಗ್ಲಿಷಾದರೋ ಒಂದೊಂದಕ್ಕೂ ಬೇರೆಯೇ ಕ್ರಿಯಾಪದವನ್ನು ಇಟ್ಟುಕೊಂಡಿದೆ. ಆದ್ದರಿಂದ ಮೊದಲು ಸದ್ದಿರುವ ಮತ್ತು ಸದ್ದಿಲ್ಲದ ನಗೆಗಳನ್ನು ಬೇರ್ಪಡಿಸಿ: ಲಾಫ್, ಗಿಗಲ್ (ಕಿಲಕಿಲ ನಗು), ಚಕಲ್ (ಮೆಲ್ಲಗೆ ನಗು) ಒಂದೆಡೆ, ಸ್ಮೈಲ್, ಗ್ರಿನ್ (ಹಲ್ಲು ಬಿಟ್ಟು ನಗು), ಸ್ಮರ್ಕ್ ಇನ್ನೊಂದೆಡೆ. ‘ಸ್ಮರ್ಕ್’ನಲ್ಲಿ ತಾನೇ ಮೇಲೆಂಬ ಹಮ್ಮು ಇದೆಯೆಂಬುದನ್ನು ಮಾತ್ರ ಒತ್ತಿ ಹೇಳಿ, ಇಲ್ಲವಾದರೆ ಮೇಲಧಿಕಾರಿಗೆ ಬರೆಯುವ ಪತ್ರದಲ್ಲೂ ಅದು ನುಸುಳೀತು.

ಇನ್ನೊಂದು ತೊಡಕು ಅಂಗಗಳದ್ದು. ಚೀನೀ ಭಾಷೆ ಹುಬ್ಬು ಸುಕ್ಕಾಗಿಸುವುದು, ಭುಜ ಮೇಲೆತ್ತುವುದು ಎಂದು ಅಂಗವನ್ನು ಹೆಸರಿಸಿಯೇ ಮಾತಾಡುತ್ತದೆ. ‘ಹುಬ್ಬು ಗಂಟಿಕ್ಕು’ ಎನ್ನುವ ನಮಗೆ ಇದು ಅಪರಿಚಿತವೇನಲ್ಲ. ‘ಫ್ರೌನ್’, ‘ಶ್ರಗ್’ ಎಂಬ ಒಂಟಿ ಪದಗಳಲ್ಲಿ ಅಂಗ ಅಡಗಿರುವುದರಿಂದ, ಅವನ್ನು ಅಭಿನಯಿಸಿ ತೋರಿಸುವುದೇ ಲೇಸು. ಅಮೆರಿಕದಲ್ಲಿ ಹಲವರಿಗೆ ‘ಫ್ರೌನ್’ ಎಂದರೆ ತುಟಿಯಂಚು ಕೆಳಗಿಳಿಯುವುದು, ಹುಬ್ಬಿನ ಮಾತಲ್ಲ ಎಂಬುದನ್ನೂ ತಿಳಿಸಿ.

ಸನ್ನೆಗಳನ್ನು ಕೊನೆಗೆ ಇಟ್ಟುಕೊಳ್ಳಿ. ‘ನಾನೇ?’ ಎನ್ನುವಾಗ ಚೀನೀಯರು ಮೂಗಿನತ್ತ ಬೆರಳು ತೋರುವುದುಂಟು, ಇಂಗ್ಲಿಷರು ಎದೆಯತ್ತ. ಹೆಬ್ಬೆರಳು, ಕಿರುಬೆರಳು ಮಾತ್ರ ಚಾಚಿದರೆ ಚೀನಾದಲ್ಲಿ ಅದು 6, ಅಮೆರಿಕನ್ನರಿಗೆ ಫೋನ್ ಮಾಡೆಂಬ ಸೂಚನೆ.