ಕ್ಯಾಶುವಾಲ್ಟಿ ಚೀಟೀಲಿ ಗಂಟೆ ಎಷ್ಟು ಅಂತ ಬರೀರಪ್ಪಾ!

ಹೋದ ಸಂಚಿಕೇಲಿ ಆಸ್ಪತ್ರೆ ಎಮರ್ಜೆನ್ಸಿಯಲ್ಲಿ ಕೇಸ್ ಶೀಟ್ ಬರೆಯೋ ರೀತಿ ಬಗ್ಗೆ ಸುಮ್ನೆ ಎರಡು ಸಾಲು ಗೊಣಗಿದ್ದೆ, ಅದಕ್ಕೆ ಇಷ್ಟು ಪ್ರಶ್ನೆ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಆರಿಸಿ ನಾಲ್ಕಕ್ಕೆ ಉತ್ತರ ಕೊಟ್ಟಿದೀನಿ.

ಪ್ರ: ಸರ್ ನಮಸ್ತೆ, ನಾನು ಹೌಸ್ ಸರ್ಜನ್ (ಟ್ರೈನಿಂಗಲ್ಲಿರೋ ಡಾಕ್ಟರ್), ಈ ತಿಂಗಳು ಕ್ಯಾಶುವಾಲ್ಟಿ ಪೋಸ್ಟಿಂಗ್. ನೈಟ್ ಡ್ಯೂಟೀಲಿ ಒಬ್ಬರಿಗೆ ಹೊಲಿಗೆ ಹಾಕ್ತಿರುವಾಗ್ಲೇ ಇನ್ನೊಬ್ಬರು ಸ್ಟ್ರೆಚರ್ ಮೇಲೆ ಬಂದಿರ್ತಾರೆ. ಬರೆಯೋಕೆ ಕೂತ್ರೆ ಪೇಷೆಂಟ್ ಕಡೆಯೋರು ಬೈತಾರೆ, ಬರೀದಿದ್ರೆ ಬೆಳಿಗ್ಗೆ ರೌಂಡ್ಸಲ್ಲಿ ಚೀಫ್ ಬೈತಾರೆ. ಏನು ಬರೀಬೇಕು, ಏನು ಬಿಡಬಹುದು? — ಹೆಸರು ಬೇಡ, ದಾವಣಗೆರೆ

ಉ: ಡಾಕ್ಟ್ರೇ, ಬೈಸ್ಕೊಳ್ಳೋದು ತಪ್ಪಲ್ಲ ಬಿಡಿ, ನಾವೂ ಬೈಸ್ಕೊಂಡೇ ಬಂದೋರು. ನಾನು ಹೌಸ್ ಸರ್ಜನ್ ಆಗಿದ್ದಾಗಿನ ಒಂದು ಕಥೆ ಹೇಳ್ತೀನಿ ಕೇಳಿ. ಮಳೆಗಾಲ, ಗದ್ದೆ ಕೆಲಸ ಮಾಡ್ತಿದ್ದವರೊಬ್ಬರಿಗೆ ಕೊಳಕುಮಂಡಲ ಕಚ್ಚಿ ರಾತ್ರಿ ಕರ್ಕೊಂಡು ಬಂದ್ರು. ರಕ್ತ ತೆಗೆದು ಒಣಗಿದ ಗಾಜಿನ ಟ್ಯೂಬಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ವಿ, ಹೆಪ್ಪುಗಟ್ಟಲಿಲ್ಲ, ಎಎಸ್‌ವಿ, ಅಂದ್ರೆ ಹಾವಿನ ವಿಷಕ್ಕೆ ಕೊಡೋ ಇಂಜೆಕ್ಷನ್, ಶುರು ಮಾಡಿದ್ವಿ. ಟ್ರೀಟ್‌ಮೆಂಟಲ್ಲಿ ಒಂದು ತಪ್ಪಿಲ್ಲ. ಆದ್ರೆ ಶೀಟಲ್ಲಿ ನಾನು ಬರೆದಿದ್ದು ಎರಡೇ ಪದ, 'ಎಎಸ್‌ವಿ ಗಿವನ್', ಎಷ್ಟು ವಯಲ್ ಎಷ್ಟೊತ್ತಿಗೆ ಏನೂ ಇಲ್ಲ, ಬರೆದು ಹಾಸ್ಟೆಲ್‌ಗೆ ಹೋಗಿ ಮಲಗಿಬಿಟ್ಟೆ, ಆಗ ನಮ್ಮತ್ರ ಮೊಬೈಲೂ ಇರ್ಲಿಲ್ಲ. ಬೆಳಿಗ್ಗೆ ಡ್ಯೂಟಿಗೆ ಬಂದ ಪಿಜಿಗೆ, ಅಂದ್ರೆ ಸ್ನಾತಕೋತ್ತರ ಓದ್ತಿರೋ ಡಾಕ್ಟ್ರಿಗೆ, ತಲೆಕೆಟ್ಟು ಹೋಯ್ತು, ಯಾಕಂದ್ರೆ ಎಎಸ್‌ವಿ ಹಾಕಿ 6 ಗಂಟೆ ಆದ್ಮೇಲೆ ಅದೇ ಟೆಸ್ಟ್ ಮತ್ತೆ ಮಾಡ್ಬೇಕು, ಆಗ್ಲೂ ಹೆಪ್ಪುಗಟ್ಟದಿದ್ರೆ ಇನ್ನೊಂದು ಡೋಸ್ ಹಾಕ್ಬೇಕು. ಶುರು ಮಾಡಿದ್ದು ಯಾವಾಗ ಅಂತಾನೇ ಗೊತ್ತಿಲ್ಲ ಅಂದ್ರೆ ಆ 6 ಗಂಟೆ ಎಲ್ಲಿಂದ ಎಣಿಸ್ತೀರಿ? ಕೊನೆಗೆ ವಾರ್ಡಿನ ಆಯಮ್ಮ ಕಸದ ಬುಟ್ಟಿಯಿಂದ ಖಾಲಿ ಬಾಟ್ಲಿ ಆರಿಸಿ ಎಣಿಸಿ 10 ಇದೆ ಅಂದ್ರಂತೆ, ಟೈಮ್ ಮಾತ್ರ ಯಾರಿಗೂ ನೆನಪಿಲ್ಲ, ಆಮೇಲೆ ಹಾಸ್ಟೆಲ್‌ಗೆ ಆಳು ಕಳಿಸಿ ನನ್ನ ಎಬ್ಬಿಸಿದ್ರು. ಪೇಷೆಂಟ್ ಉಳ್ಕೊಂಡ್ರು, ನನ್ನ ಪುಣ್ಯ.

ಅವತ್ತಿಂದ ನನ್ನ ಲೆಕ್ಕ ಇಷ್ಟೇ. ಕ್ಯಾಶುವಾಲ್ಟಿ ಶೀಟು ಚೀಫ್‌ಗೂ ಅಲ್ಲ ಕೋರ್ಟಿಗೂ ಅಲ್ಲ, ನೀವು ಹೋದ್ಮೇಲೆ ಆ ಬೆಡ್ ಹತ್ರ ಬಂದು ನಿಲ್ಲೋರಿಗೆ. ಅವರಿಗೆ ಬೇಕಾಗಿದ್ದು ಬರೀರಿ, ಉಳಿದಿದ್ದು ಆಮೇಲೆ. ಪೇಷೆಂಟ್ ಬಂದ ಟೈಮ್, ನೀವು ನೋಡಿದ ಟೈಮ್, ಔಷಧಿ ಹೋದ ಟೈಮ್, ಈ ಮೂರು ಬಿಡಲೇಬೇಡಿ. ಎದೆನೋವಾದ್ರೆ ಇಸಿಜಿ ತೆಗೆದ ಟೈಮನ್ನ ಇಸಿಜಿ ಕಾಗದದ ಮೇಲೇ ಬರೀರಿ, ಎಷ್ಟೋ ಮೆಷೀನುಗಳಲ್ಲಿ ಗಡಿಯಾರ ಸರಿ ಮಾಡಿರೋರೇ ಇಲ್ಲ, 2001ನೇ ಇಸವಿ ತೋರಿಸ್ತಾ ಇರುತ್ತೆ. 'ವೈಟಲ್ಸ್ ಸ್ಟೇಬಲ್' (ಬಿಪಿ, ನಾಡಿ ಎಲ್ಲಾ ಸರಿಯಿದೆ) ಅಂತ ಬರೆಯೋದು ಬಿಟ್ಟುಬಿಡಿ ದಯವಿಟ್ಟು, ನಿಮಗೆ ಸ್ಟೇಬಲ್ ಅನ್ಸಿದ್ದು ಬಿಪಿ 100 ಇದ್ದಾಗ್ಲಾ 140 ಇದ್ದಾಗ್ಲಾ ಅಂತ ಮುಂದಿನೋರಿಗೆ ಹೇಗೆ ಗೊತ್ತಾಗುತ್ತೆ? ನಂಬರ್ ಬರೀರಿ. ತಲೆಗೆ ಪೆಟ್ಟಾಗಿರೋರದ್ದು ಜಿಸಿಎಸ್ (ಎಚ್ಚರ ಎಷ್ಟಿದೆ ಅಂತ ಹೇಳೋ ಅಂಕ) 9 ಅಂತ ಬರೆದು ಕೈತೊಳ್ಕೋಬೇಡಿ, ಕಣ್ಣಿಗೆ ಎಷ್ಟು, ಮಾತಿಗೆ ಎಷ್ಟು, ಕೈಕಾಲಿಗೆ ಎಷ್ಟು ಅಂತ ಬಿಡಿಸಿ ಬರೀರಿ, ಇ2 ವಿ2 ಎಂ5 ಅಂತ. ಎರಡು ಗಂಟೆ ಬಿಟ್ಟು ಎಂ5 ಹೋಗಿ ಎಂ4 ಆಗಿದ್ರೆ ಒಳಗೇನೋ ಆಗ್ತಿದೆ ಅಂತ ಅರ್ಥ, ಮೊತ್ತ ಒಂದೇ ಬರೆದಿದ್ರೆ ಅದು ಮುಚ್ಚಿಹೋಗುತ್ತೆ.

ಕೊನೇಲಿ ಎರಡು ಸಾಲು, ನೀವು ಏನು ಅಂದ್ಕೊಂಡ್ರಿ ಮತ್ತೆ ಏನು ಬಾಕಿ ಇದೆ. 'ಅಪೆಂಡಿಕ್ಸ್ ಇರಬಹುದು ಅನ್ಸುತ್ತೆ, ಸ್ಕ್ಯಾನ್ ಬಾಕಿ, ಸರ್ಜರಿ ಪಿಜಿಗೆ 2.10ಕ್ಕೆ ಹೇಳಿದೀನಿ' ಅಂತ ಬರೆಯೋಕೆ ಅರ್ಧ ನಿಮಿಷ ಸಾಕು. ಅಜ್ಜಿ ಮುತ್ತಜ್ಜಿ ಕಾಲದ ಫ್ಯಾಮಿಲಿ ಹಿಸ್ಟರಿ ಎಲ್ಲಾ ವಾರ್ಡಿನೋರು ಬರ್ಕೋತಾರೆ ಬಿಡಿ. ಅಲರ್ಜಿ ಮಾತ್ರ ಕೇಳದೆ ಬಿಡಬೇಡಿ.

ಅಂದ ಹಾಗೆ 2024ರಿಂದ ಕರ್ನಾಟಕದಲ್ಲಿ ಹಾವು ಕಡಿತ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪಟ್ಟೀಲಿದೆ, ಶೀಟಲ್ಲಿ ಏನೂ ಇಲ್ಲದಿದ್ರೆ ವರದೀಲಿ ಏನು ತುಂಬಿಸ್ತೀರಿ?

ಪ್ರ: ನಾನು ಸ್ಟಾಫ್ ನರ್ಸ್. ಪೇಷೆಂಟ್ ಕ್ರ್ಯಾಶ್ ಆದಾಗ ಡಾಕ್ಟ್ರು ಬಾಯಲ್ಲೇ ಆರ್ಡರ್ ಹೇಳ್ತಾ ಹೋಗ್ತಾರೆ, ನಾವು ಕೊಡ್ತಾ ಹೋಗ್ತೀವಿ. ಆಮೇಲೆ ಶೀಟಲ್ಲಿ ಅದು ಇರೋದೇ ಇಲ್ಲ, ಕೇಳಿದ್ರೆ ನಾನ್ಯಾವಾಗ ಹೇಳ್ದೆ ಅಂತಾರೆ. ಏನ್ ಮಾಡೋದು? — ಸಿಸ್ಟರ್, ಹಾಸನ

ಉ: ಸಿಸ್ಟರ್, ನಿಮ್ಮ ಜಾಗದಲ್ಲಿ ನಾನಿದ್ರೂ ಹೆದರ್ತಿದ್ದೆ. ಹೇಳಿದ್ದನ್ನ ಜೋರಾಗಿ ತಿರುಗಿ ಹೇಳಿ, 'ಅಡ್ರಿನಲಿನ್ 1 ಎಂಜಿ ಕೊಡ್ತಿದೀನಿ ಸರ್' ಅಂತ, ಅವರು ಹೂಂ ಅಂದ್ಮೇಲೆ ಕೊಡಿ. ಸಿಪಿಆರ್ ನಡೀತಿರುವಾಗ ಅದು 3ರಿಂದ 5 ನಿಮಿಷಕ್ಕೊಮ್ಮೆ ಹೋಗುತ್ತೆ, ಆ ಗಲಾಟೇಲಿ ಎಷ್ಟು ಸಲ ಕೊಟ್ವಿ ಅಂತ ಯಾರಿಗೂ ಲೆಕ್ಕ ಇರಲ್ಲ. ಅದಕ್ಕೇ ಖಾಲಿ ಆಂಪ್ಯೂಲ್ ಬಿಸಾಡಬೇಡಿ, ಎಲ್ಲಾ ಒಂದು ಕಿಡ್ನಿ ಟ್ರೇಗೆ ಹಾಕಿಡಿ, ಟೈಮನ್ನ ಪ್ಲಾಸ್ಟರ್ ತುಂಡಿನ ಮೇಲೆ ಬರೆದು ಟ್ರಾಲಿಗೆ ಅಂಟಿಸಿ, ಎಷ್ಟೋ ಸೀನಿಯರ್ ಸಿಸ್ಟರ್‌ಗಳು ಹಾಗೇ ಮಾಡ್ತಾರೆ ನಾನೇ ನೋಡಿದೀನಿ. ಕೈ ಖಾಲಿ ಇರೋ ಒಬ್ರನ್ನ, ಸ್ಟೂಡೆಂಟ್ ನರ್ಸ್ ಆದ್ರೂ ಸರಿ, ಬರೆಯೋಕೆ ಅಂತಾನೇ ನಿಲ್ಲಿಸಿದ್ರೆ ಇನ್ನೂ ಒಳ್ಳೇದು. ಎಲ್ಲಾ ಮುಗಿದ್ಮೇಲೆ ಡಾಕ್ಟ್ರ ಹೆಸರು ಹಾಕಿ ಬರೆದು, ಅವರು ಟೀ ಕುಡಿಯೋಕೆ ಎದ್ದು ಹೋಗೋ ಮುಂಚೆ ಸೈನ್ ಹಾಕಿಸ್ಕೊಳ್ಳಿ. ಟೀ ಆದ್ಮೇಲೆ ಅಂತ ಬಿಟ್ರೆ ಆಗಲ್ಲ, ಅನುಭವದ ಮಾತು.

ಇನ್ಸುಲಿನ್‌ಗೆ ಇಂಗ್ಲಿಷ್ 'ಯು' ಅಕ್ಷರ ಹಾಕೋದನ್ನ ಯಾರು ಮಾಡಿದ್ರೂ ನಿಲ್ಲಿಸಿ, ಅವಸರದಲ್ಲಿ ಅದು ಸೊನ್ನೆ ಥರ ಕಾಣುತ್ತೆ, 10 ಯೂನಿಟ್ ಹೋಗಿ 100 ಆಗುತ್ತೆ. ಯೂನಿಟ್ ಅಂತ ಪೂರ್ತಿ ಬರೀಲಿ. ಬರೀ .5 ಅನ್ನೋದೂ ಬೇಡ, 0.5 ಅಂತಿರಲಿ, ಚುಕ್ಕಿ ಕಾಣದೇ ಹೋದ್ರೆ 5 ಆಗೋಗುತ್ತೆ.

ಪ್ರ: ಎಂಎಲ್‌ಸಿ (ಪೊಲೀಸ್, ಕೋರ್ಟಿಗೆ ಹೋಗೋ ಕೇಸು) ರಿಜಿಸ್ಟರಲ್ಲಿ ಬಲಗೈ ಅನ್ನೋ ಕಡೆ ಎಡಗೈ ಅಂತ ಬರೆದುಬಿಟ್ಟೆ. ವೈಟ್ನರ್ ಹಾಕಿ ತಿದ್ದಬಹುದಾ? ಆಮೇಲೆ ಕುಡಿದು ಬಂದಿರೋರ ಬಗ್ಗೆ ಹೇಗೆ ಬರೆಯೋದು? — ಡ್ಯೂಟಿ ಡಾಕ್ಟರ್, ತಾಲ್ಲೂಕು ಆಸ್ಪತ್ರೆ

ಉ: ವೈಟ್ನರ್ ಬಾಟ್ಲಿ ಇದ್ರೆ ಇವತ್ತೇ ಬಿಸಾಕಿ. ತಪ್ಪಿದ ಪದದ ಮೇಲೆ ಒಂದೇ ಗೀಟು, ಕೆಳಗಿದ್ದದ್ದು ಓದೋ ಹಾಗಿರಬೇಕು, ಪಕ್ಕದಲ್ಲಿ ಸರಿಯಾದ್ದು ಬರೆದು ಸೈನು, ತಾರೀಖು, ಟೈಮು. ಮೂರು ದಿನ ಆದ್ಮೇಲೆ ನೆನಪಾದ್ರೆ ಹಳೇ ಜಾಗದಲ್ಲಿ ತುರುಕಬೇಡಿ, ಇವತ್ತಿನ ತಾರೀಖು ಹಾಕಿ ತಡವಾಗಿ ಬರೆದಿದ್ದು ಅಂತಾನೇ ಬರೀರಿ.

ಕುಡಿದಿದ್ದಾರೆ ಅಂತ ತೀರ್ಪು ಕೊಡೋ ಬದಲು ಕಂಡಿದ್ದನ್ನ ಬರೀರಿ, ಬಾಯಲ್ಲಿ ಆಲ್ಕೋಹಾಲ್ ವಾಸನೆ ಇದೆ, ಮಾತು ತೊದಲ್ತಿದೆ, ನಡಿಗೆ ಹೀಗಿದೆ ಅಂತ. ತಲೆಗೆ ಪೆಟ್ಟಾದೋರೂ ತೊದಲ್ತಾರೆ, ಶುಗರ್ ಇಳಿದೋರೂ ತೊದಲ್ತಾರೆ, ಕುಡುಕ ಅಂತ ಮೂಲೇಲಿ ಮಲಗಿಸಿಬಿಟ್ಟು ಬೆಳಿಗ್ಗೆ ನೋಡಿದ್ರೆ ಕಥೆ ಮುಗಿದಿರುತ್ತೆ. ಇನ್ನು ಎಂಎಲ್‌ಸೀಲಿ 'ಅಲೆಜ್ಡ್' ಅಂತ ಬರೀತೀವಲ್ಲ, ಕನ್ನಡದಲ್ಲಿ ಅದಕ್ಕೆ ಒಳ್ಳೇ ಮಾತಿದೆ, 'ಅಂತೆ'. ಬೈಕಿಂದ ಬಿದ್ದರಂತೆ, ದೊಣ್ಣೇಲಿ ಹೊಡೆದರಂತೆ. ಯಾರು ಹಾಗಂದ್ರು ಅನ್ನೋದೂ ಸೇರಿಸಿ, ಪೇಷೆಂಟೇ ಹೇಳಿದ್ರಾ ಜೊತೇಲಿ ಬಂದ ಭಾವಮೈದ ಹೇಳಿದ್ರಾ ಅಂತ. ಅಂತೆ ಅನ್ನೋದು ಅವರ ಮಾತು, ಗಾಯ ಎಷ್ಟು ಉದ್ದ ಎಷ್ಟು ಅಗಲ ಯಾವ ಜಾಗ ಅನ್ನೋದು ನಿಮ್ಮ ಮಾತು, ಎರಡನ್ನೂ ಕಲಸಬೇಡಿ. ಎಕ್ಸ್‌ರೇ ಬರೋ ಮುಂಚೆ ಗಾಯ ಸಿಂಪಲ್ಲಾ ಗ್ರೀವಿಯಸ್ಸಾ (ಸಾಮಾನ್ಯದ್ದಾ ತೀವ್ರದ್ದಾ) ಅಂತ ಅಭಿಪ್ರಾಯ ಕೊಡೋ ಅವಸರಾನೂ ಬೇಡ. ಇಷ್ಟೆಲ್ಲಾ ಬರೆಯೋದು ಟ್ರೀಟ್‌ಮೆಂಟ್ ಶುರು ಮಾಡಿದ್ಮೇಲೆ, ಕಾನೂನಿನ ಕಾಗದಕ್ಕೆ ಕಾಯದೆ ಮೊದಲು ಜೀವ ನೋಡಿ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಪ್ರ: ನಮ್ಮ ತಂದೆಗೆ ಸ್ಟ್ರೋಕ್ ಆಗಿ ಒಂದು ಆಸ್ಪತ್ರೇಲಿ ಎರಡು ದಿನ ಅಡ್ಮಿಟ್ ಮಾಡಿದ್ವಿ, ಆಮೇಲೆ ಬೇರೆ ಕಡೆ ಕರ್ಕೊಂಡು ಹೋದ್ವಿ. ಮೊದಲನೇ ಆಸ್ಪತ್ರೆಯೋರು ದಾಖಲೆ ಕೊಡ್ತಾನೇ ಇಲ್ಲ. ನಮಗೆ ಹಕ್ಕಿಲ್ವಾ? — ಮೈಸೂರಿನ ಓದುಗರು

ಉ: ಇದೆಯಮ್ಮಾ. ವೈದ್ಯರ ನಡವಳಿಕೆ ಬಗ್ಗೆ 2002ರ ನಿಯಮ ಇದೆ, ಪೇಷೆಂಟ್ ಅಥವಾ ಅವರು ಒಪ್ಪಿದವರು ಕೇಳಿದ್ರೆ 72 ಗಂಟೆ ಒಳಗೆ ದಾಖಲೆ ಕೊಡ್ಬೇಕು, ಒಳರೋಗಿಗಳ ದಾಖಲೆ 3 ವರ್ಷ ಇಟ್ಕೋಬೇಕು. ಕೌಂಟರಲ್ಲಿ ನಿಂತು ಜಗಳ ಆಡಿದ್ರೆ ಏನೂ ಸಿಗಲ್ಲ, ಅರ್ಜಿ ಬರೆದು ಎರಡು ಪ್ರತಿ ಮಾಡಿ ಒಂದರ ಮೇಲೆ ಅವರ ಸೀಲು ತಾರೀಖು ಹಾಕಿಸ್ಕೊಂಡು ಬನ್ನಿ, ಗಂಟೆ ಅಲ್ಲಿಂದ ಓಡೋಕೆ ಶುರುವಾಗುತ್ತೆ.

ನಿಮ್ಮ ಕಡೆಯಿಂದ ಆಗಬೇಕಾಗಿದ್ದೂ ಒಂದಿದೆ, ಬೇಜಾರು ಮಾಡ್ಕೋಬೇಡಿ. ಡಾಕ್ಟ್ರು ಶೀಟಲ್ಲಿ ಬರೆಯೋ ಮೊದಲನೇ ಸಾಲು ನಿಮ್ಮ ಬಾಯಿಂದ ಬರೋದು. ಸ್ಟ್ರೋಕ್ ಆದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಗಡುವು, ಅದನ್ನ ಎಣಿಸೋದು ನೀವು ಅವರನ್ನ ಬಿದ್ದಿರೋದು ನೋಡಿದ ಹೊತ್ತಿಂದ ಅಲ್ಲ, ಕೊನೇ ಸಲ ಸರಿಯಾಗಿದ್ದಿದ್ದು ನೋಡಿದ ಹೊತ್ತಿಂದ. ಬೆಳಿಗ್ಗೆ 6ಕ್ಕೆ ಎಬ್ಬಿಸೋಕೆ ಹೋದಾಗ ಗೊತ್ತಾಯ್ತು, ಆದ್ರೆ ರಾತ್ರಿ 10ಕ್ಕೆ ಹಾಲು ಕುಡಿದು ಮಲಗಿದ್ರು ಅಂದ್ರೆ ಹೇಳಬೇಕಾದ ಟೈಮ್ 10. 'ಈಗ ತಾನೇ ಆಯ್ತು ಡಾಕ್ಟ್ರೇ' ಅಂತ ಗಾಬರೀಲಿ ಹೇಳಿಬಿಟ್ರೆ ಅದೇ ಬರೆದು ಅದರ ಮೇಲೇ ಇಂಜೆಕ್ಷನ್ ತೀರ್ಮಾನ ಆಗುತ್ತೆ, ತಪ್ಪಾದ್ರೆ ಮಿದುಳಲ್ಲಿ ರಕ್ತಸ್ರಾವ ಆಗೋ ಅಪಾಯ ಇದೆ. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಅದನ್ನ ಕೇಳೋ ಮುಂಚೆನೇ ಹೇಳಿ. ಹೆಸರು ನೆನಪಿರಲ್ಲ, ಹಳದಿ ಬಣ್ಣದ ಚಿಕ್ಕ ಮಾತ್ರೆ ಅಂತ ಹೇಳಿದ್ರೆ ನಮಗೆ ಏನೂ ಗೊತ್ತಾಗಲ್ಲ, ಮಾತ್ರೆ ಶೀಟನ್ನೇ ತನ್ನಿ ಇಲ್ಲಾ ಫೋಟೋ ತೆಗೆದಿಟ್ಕೊಳ್ಳಿ. ಹಳೇ ಇಸಿಜಿ, ಡಿಸ್ಚಾರ್ಜ್ ಸಮ್ಮರಿ, ಮಾತ್ರೆ ಚೀಟಿ ಎಲ್ಲಾ ಒಂದು ಕವರಲ್ಲಿ ಹಾಕಿ ಫ್ರಿಡ್ಜ್ ಮೇಲೆ ಇಡಿ. ಬೀರು ಒಳಗೆ ಬೀಗ ಹಾಕಿ ಇಡಬೇಡಿ, ಆ ಹೊತ್ತಲ್ಲಿ ಕೀ ಸಿಗಲ್ಲ.